ಪ್ಲಗಿನ್ ಹೋಯಿತು, ಪಾಠವೂ ಹೋಯಿತೇ?

ಪ್ರಶ್ನೆ: ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕಿ. ಹತ್ತು ಹನ್ನೆರಡು ವರ್ಷದ ಹಿಂದೆ ದಾನಿಗಳೊಬ್ಬರು ನಮ್ಮ ಶಾಲೆಗೆ ಕನ್ನಡದ ಮಲ್ಟಿಮೀಡಿಯಾ ಪಾಠಗಳ ಡಿವಿಡಿ ಕೊಡಿಸಿದ್ದರು. ಹೃದಯ ಬಡಿಯುವುದು, ಕರೆಂಟ್ ಹರಿಯುವುದು ಎಲ್ಲವನ್ನೂ ಮಕ್ಕಳು ಒತ್ತಿ ನೋಡಿ ಕಲಿಯುತ್ತಿದ್ದರು. ಹೊಸ ಕಂಪ್ಯೂಟರ್ ಬಂದ ಮೇಲೆ ಅದು ತೆರೆಯುತ್ತಲೇ ಇಲ್ಲ. ‘ಈ ಪ್ಲಗಿನ್‌ಗೆ ಬೆಂಬಲವಿಲ್ಲ’ ಅಂತ ಬರುತ್ತದೆ. ರಿಪೇರಿ ಮಾಡುವವರು ಹಳೆಯ ಬ್ರೌಸರ್, ಅದಕ್ಕೆ ಫ್ಲ್ಯಾಶ್ ಅನ್ನುವ ಹಳೆಯ ಪ್ಲಗಿನ್ ಹಾಕಿಕೊಡುತ್ತೇನೆ ಅನ್ನುತ್ತಾರೆ. ಈ ನಡುವೆ ಹೊಸ ಪಾಠ ಮಾರಲು ಬಂದವರೊಬ್ಬರು ‘ನಮ್ಮ ಪ್ಲಗಿನ್ ಹಾಕಿಕೊಂಡರೆ ಸಾಕು ಮೇಡಂ’ ಅನ್ನುತ್ತಿದ್ದಾರೆ. ಪ್ಲಗಿನ್ ನಂಬಿಕೊಂಡರೆ ತೊಂದರೆ ಏನು? ನಾನು ಯಾವುದನ್ನು ಒಪ್ಪಲಿ?

ಉತ್ತರ: ಮೇಡಂ, ಎರಡೂ ಬೇಡ. ಹಳೆಯ ಫ್ಲ್ಯಾಶ್ ಹಾಕಿಸಬೇಡಿ, ಹೊಸ ಪ್ಲಗಿನ್‌ಗೂ ಒಪ್ಪಬೇಡಿ. ಡಿವಿಡಿಯನ್ನು ಮಾತ್ರ ಬಿಸಾಡಬೇಡಿ. ಅದರಲ್ಲಿರುವ ಪಾಠಗಳಲ್ಲಿ ಬಹಳಷ್ಟನ್ನು ಉಳಿಸಿಕೊಳ್ಳಬಹುದು. ಹೇಗೆ ಅಂತ ಮುಂದೆ ಹೇಳುತ್ತೇನೆ. ಮೊದಲು ಏನಾಯಿತು ಅನ್ನುವುದು ತಿಳಿದರೆ, ಮಾರುವವರು ಎದುರಿಗೆ ಕೂತಾಗ ಏನು ಕೇಳಬೇಕು ಅನ್ನುವುದು ನಿಮಗೇ ಹೊಳೆಯುತ್ತದೆ.

ಶುರುವಿನಲ್ಲಿ ಬ್ರೌಸರ್‌ಗೆ ಅಕ್ಷರ ಮತ್ತು ಚಿತ್ರ ತೋರಿಸುವುದು ಬಿಟ್ಟರೆ ಜಾಸ್ತಿ ಏನೂ ಬರುತ್ತಿರಲಿಲ್ಲ. ಹಾಡು, ವಿಡಿಯೊ, ಅಲುಗಾಡುವ ಚಿತ್ರ ಅದರ ಕೈಗೆ ಮೀರಿದ್ದು. 1996ರಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ 2.0 ಬಂತು. ಅದು ಒಂದು ಉಪಾಯ ಮಾಡಿತು. ಪುಟದ ನಡುವೆ ಒಂದು ಚೌಕ ಬಿಡುವುದು. ಆ ಚೌಕದೊಳಗಿನ ಕೆಲಸವನ್ನು ಬೇರೆ ಕಂಪನಿಯ ಪ್ರೋಗ್ರಾಂಗೆ ಒಪ್ಪಿಸಿಬಿಡುವುದು. ಹಾಗೆ ಬಂದು ಕೂರುವ ಪ್ರೋಗ್ರಾಂಗೇ ಪ್ಲಗಿನ್ ಅನ್ನುತ್ತಾರೆ. ರಿಯಲ್ ಪ್ಲೇಯರ್, ಕ್ವಿಕ್‌ಟೈಮ್, ಶಾಕ್‌ವೇವ್, ಜಾವಾ ಆಪ್ಲೆಟ್, ಫ್ಲ್ಯಾಶ್, ಆಮೇಲೆ 2007ರಲ್ಲಿ ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್, ಎಲ್ಲವೂ ಇದೇ ಜಾತಿ.

ಆಗ ಅದು ಬೇಕೇ ಬೇಕಿತ್ತು, ಅದನ್ನೂ ಹೇಳಬೇಕು. ಒಂದು ಸೈಟಿಗೆ ರಿಯಲ್ ಪ್ಲೇಯರ್ ಬೇಕು, ಇನ್ನೊಂದಕ್ಕೆ ವಿಂಡೋಸ್ ಮೀಡಿಯಾ, ಮತ್ತೊಂದಕ್ಕೆ ಕ್ವಿಕ್‌ಟೈಮ್ ಅನ್ನುವ ಕಾಲದಲ್ಲಿ ಫ್ಲ್ಯಾಶ್ ಬಂದು ಎಲ್ಲ ಕಡೆ ಒಂದೇ ಥರ ನಡೆಯಿತು. 2005ರಲ್ಲಿ ಯೂಟ್ಯೂಬ್ ಶುರುವಾಗಿದ್ದೇ ಫ್ಲ್ಯಾಶ್ ಮೇಲೆ. ನಿಮ್ಮ ಡಿವಿಡಿ ಮಾಡಿದವರೂ ಅದೇ ಕಾರಣಕ್ಕೆ ಫ್ಲ್ಯಾಶ್ ಆರಿಸಿಕೊಂಡಿರುತ್ತಾರೆ. ಅವರದು ತಪ್ಪು ಅನ್ನಲಾರೆ. ಆದರೆ ಆ ಅನುಕೂಲಕ್ಕೆ ಏನು ಬೆಲೆ ತೆರುತ್ತಿದ್ದೇವೆ ಅನ್ನುವುದನ್ನು ನಾವು ಯಾರೂ ಆಗ ಲೆಕ್ಕ ಹಾಕಲಿಲ್ಲ.

ಆ ಚೌಕದ ವಿಷಯವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಅದರೊಳಗೆ ಏನಿದೆ ಅಂತ ಬ್ರೌಸರ್‌ಗೆ ಗೊತ್ತಿರುವುದಿಲ್ಲ. ಹಾಗಾಗಿ ಕಂಟ್ರೋಲ್ ಎಫ್ ಒತ್ತಿ ಒಂದು ಪದ ಹುಡುಕಿದರೆ ಸಿಗುವುದಿಲ್ಲ. ಬ್ಯಾಕ್ ಬಟನ್ ಒತ್ತಿದರೆ ಹಿಂದಿನ ಪಾಠಕ್ಕೆ ಹೋಗುವ ಬದಲು ಇಡೀ ಪುಟದಿಂದಲೇ ಆಚೆ ಬಂದುಬಿಡುತ್ತೀರಿ. ಪಾಠದೊಳಗಿನ ಯಾವುದೋ ಒಂದು ಭಾಗಕ್ಕೆ ನೇರ ಲಿಂಕ್ ಕೊಡಲು ಸುಲಭವಿಲ್ಲ. ಒಮ್ಮೆ ಚೌಕದೊಳಗೆ ಕ್ಲಿಕ್ ಮಾಡಿದಿರೋ, ಕೀಬೋರ್ಡ್ ಪೂರ್ತಿ ಅದರ ವಶ. ಬ್ರೌಸರ್‌ನ ಶಾರ್ಟ್‌ಕಟ್‌ಗಳು ಕೆಲಸ ಮಾಡುತ್ತಿರಲಿಲ್ಲ. ಪುಟದ ಮೇಲಿನ ಮೆನು ಕೆಳಗಿಳಿದಾಗ ಫ್ಲ್ಯಾಶ್ ಚಿತ್ರದ ಹಿಂದೆ ಹೋಗಿ ಮರೆಯಾಗುತ್ತಿದ್ದದ್ದು ನಿಮಗೂ ನೆನಪಿರಬಹುದು. ಆ ಚೌಕ ಪುಟದ ಭಾಗವೇ ಅಲ್ಲ, ಪುಟದ ಮೇಲೆ ಹೊದಿಸಿದ ಬೇರೆ ಪರದೆ. ಅದಕ್ಕೇ ಹಾಗಾಗುತ್ತಿತ್ತು.

ಕನ್ನಡಕ್ಕೆ ಬಂದರೆ ಕಷ್ಟ ಇನ್ನೂ ದೊಡ್ಡದು. 2006ರ ಹೊತ್ತಿಗೆ ನಾನು ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಇಂಥದೇ ಪಾಠಗಳನ್ನು ಮಾಡುತ್ತಿದ್ದೆ. ಯುನಿಕೋಡ್ ಕನ್ನಡವನ್ನು, ಅಂದರೆ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಒಂದೇ ಸಂಕೇತದ ಕನ್ನಡವನ್ನು, ಆಗಿನ ಫ್ಲ್ಯಾಶ್‌ಗೆ ಕೊಟ್ಟರೆ ಅಕ್ಷರ ಚೆದುರಿ ಹೋಗುತ್ತಿತ್ತು. ‘ದ್ಯುತಿಸಂಶ್ಲೇಷಣೆ’ ಅಂತ ಟೈಪ್ ಮಾಡಿದರೆ ಒತ್ತಕ್ಷರಗಳು ಕೆಳಗೆ ಕೂರುವುದೇ ಇಲ್ಲ. ಯವತ್ತು ಒಂದು ಕಡೆ, ಗುಣಿತದ ಗುರುತು ಇನ್ನೊಂದು ಕಡೆ. ಅದಕ್ಕೆ ಏನು ಮಾಡುತ್ತಿದ್ದೆವು ಅಂದರೆ, ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಪದ ಹೊಡೆಯುವುದು, ಅದನ್ನು ಆರಿಸಿಕೊಂಡು ಕಂಟ್ರೋಲ್ ಬಿ ಎರಡು ಸಲ ಒತ್ತುವುದು. ಮೊದಲ ಸಲಕ್ಕೆ ಪದ ಬಿಡಿ ಬಿಡಿ ತುಂಡಾಗುತ್ತದೆ. ಎರಡನೆಯ ಸಲಕ್ಕೆ ಆ ತುಂಡುಗಳು ಸುಮ್ನೆ ಗೆರೆ, ಬಣ್ಣ ಆಗಿಬಿಡುತ್ತವೆ. ಪರದೆಯ ಮೇಲೆ ನೋಡಲು ಚಂದದ ಕನ್ನಡ. ಆದರೆ ಅದು ಅಕ್ಷರವಲ್ಲ, ಅಕ್ಷರದ ಚಿತ್ರ. ಒಂದು ಕಾಗುಣಿತದ ತಪ್ಪು ಸಿಕ್ಕರೆ ಇಡೀ ಪದ ಅಳಿಸಿ ಮತ್ತೆ ಮೊದಲಿಂದ.

2008ರಲ್ಲಿ ಬಂದ ಫ್ಲ್ಯಾಶ್ ಪ್ಲೇಯರ್ 10ರಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ತೋರಿಸುವ ವ್ಯವಸ್ಥೆ ಸೇರಿತು. ಅಷ್ಟರಲ್ಲಿ ರಾಶಿ ರಾಶಿ ಕನ್ನಡ ಪಾಠ ಹೀಗೆ ಚಿತ್ರವಾಗಿ ಹೋಗಿತ್ತು. ಅದನ್ನು ಗೂಗಲ್ ಹುಡುಕಲಾರದು. ಮಕ್ಕಳು ಒಂದು ಸಾಲು ಕಾಪಿ ಮಾಡಿಕೊಳ್ಳಲಾರರು. ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ ನಿಮ್ಮ ತರಗತಿಯಲ್ಲಿದ್ದಾನೆ ಅಂದುಕೊಳ್ಳಿ. ಇವತ್ತು ಎನ್‌ವಿಡಿಎಯಂಥ ಉಚಿತ ಸ್ಕ್ರೀನ್ ರೀಡರ್ ಕನ್ನಡದ ಪುಟವನ್ನು ಅವನಿಗೆ ಓದಿ ಹೇಳುತ್ತದೆ. ಆ ಡಿವಿಡಿ ಮುಂದೆ ಕೂರಿಸಿದರೆ ಅವನ ಕಿವಿಗೆ ಬೀಳುವುದು ‘ಬಟನ್, ಬಟನ್, ಬಟನ್’ ಇಷ್ಟೇ. ಕೆಲವೊಮ್ಮೆ ಅದೂ ಇಲ್ಲ. ಈ ಕೆಲಸದಲ್ಲಿ ನನ್ನ ಕೈಯೂ ಇತ್ತು. ಅದಕ್ಕೇ ಈ ಉತ್ತರವನ್ನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇನ್ನು ಪ್ಲಗಿನ್ ಯಾಕೆ ಸತ್ತಿತು ಅನ್ನುವ ಪ್ರಶ್ನೆ. ಒಂದೇ ದಿನದಲ್ಲಿ ಸಾಯಲಿಲ್ಲ. 2007ರಲ್ಲಿ ಬಂದ ಐಫೋನಿನಲ್ಲಿ ಫ್ಲ್ಯಾಶ್ ಇರಲೇ ಇಲ್ಲ. ಯಾಕೆ ಇಲ್ಲ ಅಂತ 2010ರ ಏಪ್ರಿಲ್‌ನಲ್ಲಿ ಐಫೋನ್ ಮಾಡುವ ಆಪಲ್‌ನ ಮುಖ್ಯಸ್ಥ ಸ್ಟೀವ್ ಜಾಬ್ಸ್ ಬಹಿರಂಗವಾಗಿ ಬರೆದರು. ಬ್ಯಾಟರಿ ಬೇಗ ಖಾಲಿ, ಭದ್ರತೆ ಸಾಲದು, ಮೌಸ್‌ಗೆ ಮಾಡಿದ್ದು ಬೆರಳಿಗೆ ಒಗ್ಗುವುದಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಅದು ಒಂದೇ ಕಂಪನಿಯ ಕೈಯಲ್ಲಿದೆ ಅಂತ. ಆಪಲ್‌ಗೆ ತನ್ನದೇ ವ್ಯಾಪಾರದ ಲೆಕ್ಕವೂ ಇತ್ತು ಬಿಡಿ, ಆದರೆ ಈ ಮಾತುಗಳು ಸುಳ್ಳಲ್ಲ. 2011ರ ನವೆಂಬರ್‌ನಲ್ಲಿ ಫ್ಲ್ಯಾಶ್ ಮಾಡುತ್ತಿದ್ದ ಅಡೋಬಿ ಕಂಪನಿಯೇ ಮೊಬೈಲ್ ಬ್ರೌಸರ್‌ಗೆ ಇನ್ನು ಫ್ಲ್ಯಾಶ್ ಮಾಡುವುದಿಲ್ಲ ಅಂತ ಹೇಳಿತು. ನಮ್ಮ ಕಡೆ ಬಹಳ ಜನ ಇಂಟರ್ನೆಟ್ ನೋಡಿದ್ದೇ ಮೊದಲು ಮೊಬೈಲಿನಲ್ಲಿ, ಅಲ್ವಾ? ಅವರ ಮಟ್ಟಿಗೆ ಫ್ಲ್ಯಾಶ್‌ನಲ್ಲಿದ್ದ ಕನ್ನಡ ಇದ್ದೂ ಇಲ್ಲದಂತೆ.

ಅಷ್ಟರಲ್ಲಿ ಬ್ರೌಸರ್ ತಾನೇ ವಿಡಿಯೊ, ಆಡಿಯೊ ನುಡಿಸಲು ಕಲಿತಿತ್ತು. ಅದನ್ನೆಲ್ಲ ಸೇರಿಸಿದ ಎಚ್‌ಟಿಎಂಎಲ್5 ಅನ್ನುವ ನಿಯಮಾವಳಿ 2014ರ ಅಕ್ಟೋಬರ್‌ನಲ್ಲಿ ಅಂತಿಮವಾಯಿತು. 2015ರ ಜನವರಿಯಲ್ಲಿ ಯೂಟ್ಯೂಬ್ ಫ್ಲ್ಯಾಶ್ ಬಿಟ್ಟು ಅದಕ್ಕೆ ಹೊರಳಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಹಳೆಯ ನೆಟ್‌ಸ್ಕೇಪ್ ಮಾದರಿಯ ಪ್ಲಗಿನ್‌ಗಳಿಗೆಲ್ಲ ಬಾಗಿಲು ಹಾಕಿತು. ಜಾವಾ ಆಪ್ಲೆಟ್, ಸಿಲ್ವರ್‌ಲೈಟ್ ಎರಡೂ ಆಗಲೇ ಕ್ರೋಮ್‌ನಿಂದ ಹೊರಬಿದ್ದವು. ತನ್ನೊಳಗೇ ಸೇರಿಸಿಕೊಂಡಿದ್ದ ಫ್ಲ್ಯಾಶ್ ಮಾತ್ರ ಇನ್ನಷ್ಟು ಕಾಲ ಉಳಿಯಿತು. 2017ರ ಮಾರ್ಚ್‌ನಲ್ಲಿ ಫೈರ್‌ಫಾಕ್ಸ್ ಕೂಡ ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದದ್ದನ್ನು ಕೈಬಿಟ್ಟಿತು. ಫ್ಲ್ಯಾಶ್‌ಗೆ ಕೊನೆಯ ದಿನ 2020ರ ಡಿಸೆಂಬರ್ 31. 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರ್ ತಾನೇ ತನ್ನೊಳಗಿನ ಪಾಠಗಳನ್ನು ತೆರೆಯಲು ನಿರಾಕರಿಸುವಂತೆ ಮಾಡಲಾಗಿತ್ತು.

ಇದರಲ್ಲಿ ನಿಮ್ಮ ಶಾಲೆಯ ಪಾತ್ರ ಏನಿತ್ತು ಹೇಳಿ? ಏನೂ ಇಲ್ಲ. ಡಿವಿಡಿ ಹಾಳಾಗಿಲ್ಲ. ಪಾಠ ತಪ್ಪಿಲ್ಲ. ಹೃದಯ ಈಗಲೂ ಹಾಗೇ ಬಡಿಯುತ್ತದೆ. ನಿಮಗೂ ಪಾಠ ಮಾಡಿದವರಿಗೂ ಸಂಬಂಧವೇ ಇಲ್ಲದ ಮೂರನೆಯವರು ಯಾವಾಗ ಬೇಕಾದರೂ ಅಂಗಡಿ ಮುಚ್ಚಬಹುದು, ಮುಚ್ಚಿದ ದಿನ ನಿಮ್ಮ ಪಾಠವೂ ಒಳಗೇ ಉಳಿಯುತ್ತದೆ. ಪ್ಲಗಿನ್ ನಂಬುವುದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ತೊಂದರೆ ಇದೇ. ದೊಡ್ಡ ಕಂಪನಿ ಮಾಡಿದ್ದು ಅಂದರೆ ಭದ್ರ ಅಂತಲೂ ಅಂದುಕೊಳ್ಳಬೇಡಿ. ಸಿಲ್ವರ್‌ಲೈಟ್ ಮೈಕ್ರೋಸಾಫ್ಟ್‌ನದು, 2021ರ ಅಕ್ಟೋಬರ್‌ನಲ್ಲಿ ಅದೂ ಮುಗಿಯಿತು. ವಿಂಡೋಸ್‌ನ ಕ್ವಿಕ್‌ಟೈಮ್ ಆಪಲ್‌ನದು. 2016ರಲ್ಲಿ ಅದನ್ನು ಕೈಬಿಟ್ಟಾಗ ಕಂಪ್ಯೂಟರ್‌ನಿಂದ ತೆಗೆದೇ ಹಾಕಿ ಅಂತ ಅಮೆರಿಕ ಸರ್ಕಾರದ ಭದ್ರತಾ ತಂಡ ಹೇಳಬೇಕಾಯಿತು.

ದೇಶಗಳೇ ಇದಕ್ಕೆ ಸಿಕ್ಕಿಬಿದ್ದದ್ದುಂಟು. ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆಯ ಕೆಲವು ಫಾರ್ಮ್‌ಗಳು ಫ್ಲ್ಯಾಶ್‌ನಲ್ಲಿದ್ದವು. ಗಡುವು ಮುಗಿಯುವ ಹೊತ್ತಿಗೆ ಎಲ್ಲವನ್ನೂ ಬದಲಿಸಲು ಆಗಲಿಲ್ಲ. 2021ರ ಜನವರಿಯಲ್ಲಿ ಆ ಫಾರ್ಮ್ ತೆರೆಯಲೆಂದೇ ಇಲಾಖೆ ತನ್ನದೇ ಒಂದು ಬ್ರೌಸರ್ ಬಿಡುಗಡೆ ಮಾಡಿತು. ದಕ್ಷಿಣ ಕೊರಿಯಾದಲ್ಲಿ ನೆಟ್ ಬ್ಯಾಂಕಿಂಗ್ ಆಕ್ಟಿವ್‌ಎಕ್ಸ್ ಅನ್ನುವ ಪ್ಲಗಿನ್ ಮಾದರಿಗೆ ಅಂಟಿಕೊಂಡು, ಬಹಳ ವರ್ಷ ಜನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಿಟ್ಟು ಬೇರೆ ಬ್ರೌಸರ್ ಬಳಸುವುದೇ ಕಷ್ಟವಾಗಿತ್ತು.

ಈಗ ರಿಪೇರಿಯವರ ಸಲಹೆಗೆ ಬರೋಣ. ಹಳೆಯ ಬ್ರೌಸರ್, ಹಳೆಯ ಫ್ಲ್ಯಾಶ್ ಹಾಕಿದರೆ ಪಾಠ ಓಡಬಹುದು, ನಿಜ. ಆದರೆ ಅದೇ ಕಂಪ್ಯೂಟರ್‌ನಲ್ಲಿ ನೀವು ಮಕ್ಕಳ ಅಂಕ, ಹೆಸರು, ಬ್ಯಾಂಕ್ ಖಾತೆಯ ವಿವರ ತುಂಬುತ್ತೀರಿ ತಾನೇ? ಪ್ಲಗಿನ್ ಮೊದಲಿಂದಲೂ ನಿಮ್ಮ ಕಂಪ್ಯೂಟರ್‌ನಲ್ಲಿ ನಿಮಗೆ ಎಷ್ಟು ಅಧಿಕಾರ ಇದೆಯೋ ಅಷ್ಟನ್ನೂ ಇಟ್ಟುಕೊಂಡು ಓಡುತ್ತಿದ್ದ ಪ್ರೋಗ್ರಾಂ. ಅದರಲ್ಲಿ ಒಂದು ತೂತು ಸಿಕ್ಕರೆ ಕಳ್ಳನಿಗೆ ನಿಮ್ಮ ಫೈಲುಗಳೆಲ್ಲ ಸಿಕ್ಕಂತೆ. ಆಮೇಲಾಮೇಲೆ ಬ್ರೌಸರ್‌ಗಳು ಅದನ್ನು ಬೇರೆ ಕೋಣೆಯಲ್ಲಿ ಕೂಡಿಹಾಕಲು ನೋಡಿದವು, ಪೂರ್ತಿ ಆಗಲಿಲ್ಲ.

ಒಂದು ಘಟನೆ ಹೇಳುತ್ತೇನೆ. 2011ರಲ್ಲಿ ಆರ್‌ಎಸ್‌ಎ ಅನ್ನುವ ಭದ್ರತಾ ಕಂಪನಿಗೇ ಕನ್ನ ಬಿತ್ತು. ದೊಡ್ಡ ದೊಡ್ಡ ಸಂಸ್ಥೆಗಳಿಗೆ ಪಾಸ್‌ವರ್ಡ್ ಕಾಯುವ ಸಾಧನ ಮಾರುತ್ತಿದ್ದ ಕಂಪನಿ ಅದು. ನೌಕರರೊಬ್ಬರಿಗೆ ಇಮೇಲ್‌ನಲ್ಲಿ ಒಂದು ಎಕ್ಸೆಲ್ ಫೈಲ್ ಬಂತು. ಹೆಸರು ನೇಮಕಾತಿಯ ಪಟ್ಟಿ ಅನ್ನುವಂತಿತ್ತು. ಅದರೊಳಗೆ ಒಂದು ಫ್ಲ್ಯಾಶ್ ತುಣುಕು ಅಡಗಿಸಿಟ್ಟಿದ್ದರು. ಫೈಲ್ ತೆರೆದದ್ದೇ ತಡ, ಕಳ್ಳರು ಒಳಗೆ. ನೋಡಿ, ಅವರು ಯಾವ ಕೆಟ್ಟ ಸೈಟಿಗೂ ಹೋಗಿರಲಿಲ್ಲ. ಫ್ಲ್ಯಾಶ್ ಕಂಪ್ಯೂಟರ್‌ನಲ್ಲಿತ್ತು, ಅಷ್ಟೇ ಸಾಕಾಯಿತು. ಮರುವರ್ಷ ಫ್ಲ್ಯಾಶ್‌ಬ್ಯಾಕ್ ಅನ್ನುವ ವೈರಸ್ 6 ಲಕ್ಷಕ್ಕೂ ಹೆಚ್ಚು ಮ್ಯಾಕ್ ಕಂಪ್ಯೂಟರ್‌ಗಳಿಗೆ ಹೊಕ್ಕಿತು. ಆ ಹೆಸರು ಬಂದಿದ್ದು ಮೊದಮೊದಲು ‘ಫ್ಲ್ಯಾಶ್ ಹಾಕಿಕೊಳ್ಳಿ’ ಅನ್ನುವ ಸುಳ್ಳು ಕಿಟಕಿಯ ವೇಷದಲ್ಲಿ ಬರುತ್ತಿದ್ದರಿಂದ. ಆಮೇಲೆ ಅದು ನುಗ್ಗಿದ್ದು ಜಾವಾ ಪ್ಲಗಿನ್‌ನ ತೂತಿನಲ್ಲಿ.

ಆ ಕಾಲದಲ್ಲೇ ತಿಂಗಳು ತಿಂಗಳು ತೇಪೆ ಹಾಕುತ್ತಿದ್ದರು, ಆದರೂ ಹೀಗಾಯಿತು. ಈಗ ತೇಪೆ ಹಾಕುವವರೇ ಇಲ್ಲ. 2020ರ ನಂತರ ಸಿಕ್ಕ ಯಾವ ತೂತನ್ನೂ ಅಡೋಬಿ ಮುಚ್ಚುವುದಿಲ್ಲ. ಫ್ಲ್ಯಾಶ್ ಡೌನ್‌ಲೋಡ್ ಅಂತ ಈಗ ಹುಡುಕಿದರೆ ಸಿಗುವ ಸೈಟುಗಳಲ್ಲಿ ಯಾವುದು ಸಾಚಾ, ಯಾವುದು ವಿಷ ಅಂತ ರಿಪೇರಿಯವರಿಗೂ ಹೇಳಲಾಗದು. ದಯವಿಟ್ಟು ಬೇಡ.

ಹೊಸ ಪಾಠ ಮಾರಲು ಬಂದವರ ವಿಷಯ. ಅವರು ‘ಪ್ಲಗಿನ್’ ಅಂತ ಯಾವುದಕ್ಕೆ ಹೇಳುತ್ತಿದ್ದಾರೆ ಅಂತ ಮೊದಲು ಕೇಳಿ. ಇವತ್ತಿನ ಕ್ರೋಮ್, ಫೈರ್‌ಫಾಕ್ಸ್‌ನಲ್ಲಿ ಹಳೆಯ ಅರ್ಥದ ಪ್ಲಗಿನ್ ಹಾಕಲು ಬರುವುದೇ ಇಲ್ಲ. ಹಾಗಾದರೆ ಅವರದು ಮೂರರಲ್ಲಿ ಒಂದಾಗಿರಬೇಕು. ಬ್ರೌಸರ್‌ಗೆ ಸೇರಿಸಿಕೊಳ್ಳುವ ಎಕ್ಸ್‌ಟೆನ್ಷನ್ ಅನ್ನುವ ಸಣ್ಣ ಪ್ರೋಗ್ರಾಂ ಇರಬಹುದು. ಕಂಪ್ಯೂಟರ್‌ನಲ್ಲಿ ಬೇರೆಯಾಗಿ ಕೂರುವ ಪ್ರೋಗ್ರಾಂ ಇರಬಹುದು. ಇಲ್ಲದಿದ್ದರೆ ಎಡ್ಜ್ ಬ್ರೌಸರ್‌ನಲ್ಲಿ ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ವೇಷ ಹಾಕಿಸಿ ಓಡಿಸುವ ಆಕ್ಟಿವ್‌ಎಕ್ಸ್. ಮೂರನೆಯದಾದರೆ ಮಾತುಕತೆ ಅಲ್ಲಿಗೇ ನಿಲ್ಲಿಸಿ. ಇಂಟರ್ನೆಟ್ ಎಕ್ಸ್‌ಪ್ಲೋರರ್ 11 ನಿವೃತ್ತಿಯಾಗಿದ್ದು 2022ರ ಜೂನ್‌ನಲ್ಲಿ, ಆ ವೇಷವೂ ಎಂದೆಂದಿಗೂ ಇರುವುದಿಲ್ಲ. ಎಕ್ಸ್‌ಟೆನ್ಷನ್ ಆದರೆ ಅದು ಏನೇನು ಅನುಮತಿ ಕೇಳುತ್ತದೆ ನೋಡಿ. ‘ನೀವು ತೆರೆಯುವ ಎಲ್ಲ ಪುಟಗಳನ್ನೂ ಓದುತ್ತೇನೆ’ ಅಂದರೆ ಒಂದು ವಿಜ್ಞಾನದ ಪಾಠಕ್ಕೆ ಅದು ಯಾಕೆ ಬೇಕು? ಬರೇ ವಿಡಿಯೊ, ಚಿತ್ರ, ಒತ್ತಿ ನೋಡುವ ಪ್ರಯೋಗ ಇಷ್ಟೇ ಇದ್ದರೆ ಈಗ ಬ್ರೌಸರ್‌ಗೆ ಯಾವ ಜೋಡಣೆಯೂ ಬೇಕಾಗಿಲ್ಲ.

ಅವರ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದ್ದನ್ನು ನೋಡಿ ಮರುಳಾಗಬೇಡಿ. ನಿಮ್ಮ ಶಾಲೆಯ ಕಂಪ್ಯೂಟರ್‌ನಲ್ಲಿ, ಏನನ್ನೂ ಹಾಕದೆ, ತೆರೆಯಲು ಹೇಳಿ. ಆಮೇಲೆ ಒಬ್ಬ ಹುಡುಗಿಯ ಮನೆಯಲ್ಲಿರುವ ಸಾಮಾನ್ಯ ಮೊಬೈಲ್ ತರಿಸಿ ಅದರಲ್ಲೂ ತೆರೆಯಿರಿ. ನೆಟ್ ತೆಗೆದು ಮತ್ತೊಮ್ಮೆ ನೋಡಿ, ಹಳ್ಳಿಯಲ್ಲಿ ಅದು ಮುಖ್ಯ. ಕೊನೆಗೆ ಒಂದು ಸಣ್ಣ ಪರೀಕ್ಷೆ: ಪಾಠದಲ್ಲಿರುವ ಒಂದು ಕನ್ನಡ ಪದದ ಮೇಲೆ ಮೌಸ್ ಎಳೆದು ಕಾಪಿ ಮಾಡಿ, ಬೇರೆ ಕಡೆ ಪೇಸ್ಟ್ ಮಾಡಿ. ಪದ ಪದವಾಗಿಯೇ ಬಂದರೆ ಅದು ಯುನಿಕೋಡ್, ನಿಜವಾದ ಅಕ್ಷರ. ಆಯ್ಕೆಯೇ ಆಗದಿದ್ದರೆ, ಇಲ್ಲವೇ ಗೋಜಲು ಇಂಗ್ಲಿಷ್ ಅಕ್ಷರ ಬಂದರೆ, ನಾವು 2006ರಲ್ಲಿ ಮಾಡಿದ ತಪ್ಪನ್ನೇ ಅವರು ಈಗ ಮಾಡಿದ್ದಾರೆ. ದುಡ್ಡು ಕೊಡುವ ಮುಂಚೆ ಇನ್ನೊಂದು ಮಾತನ್ನು ಕಾಗದದಲ್ಲೇ ಬರೆಸಿಕೊಳ್ಳಿ: ವಿಡಿಯೊಗಳ ಎಂಪಿ4 ಫೈಲು, ಚಿತ್ರಗಳು, ಪಾಠದ ಪೂರ್ತಿ ಬರಹ ಶಾಲೆಗೆ ಬೇರೆಯಾಗಿ ಕೊಡಬೇಕು ಅಂತ. ನಮ್ಮ ಪಾಠಗಳ ವಿಷಯದಲ್ಲಿ ಹಾಗೆ ಆಗಲಿಲ್ಲ. ತಯಾರಾದ ಫೈಲು ಎಲ್ಲ ಶಾಲೆಗೆ ಹೋದವು. ತಿದ್ದಬಹುದಾದ ಮೂಲ ಫೈಲುಗಳು ಸಂಸ್ಥೆಯ ಒಂದು ಕಂಪ್ಯೂಟರ್‌ನಲ್ಲಿದ್ದವು. ಸಂಸ್ಥೆ ಮುಚ್ಚಿತು, ಆ ಫೈಲುಗಳೂ ಹೋದವು.

ಕಂಪ್ಯೂಟರ್‌ನಲ್ಲೇ ಒತ್ತಿ ನೋಡುವ ವಿಜ್ಞಾನ ಪ್ರಯೋಗಗಳನ್ನು ಮಾಡುವ, ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ (PhET) ಯೋಜನೆಯನ್ನು ನೋಡಿದ್ದೀರಾ? ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಅವರ ಪ್ರಯೋಗಗಳೂ ಮೊದಲು ಜಾವಾ, ಫ್ಲ್ಯಾಶ್‌ನಲ್ಲೇ ಇದ್ದವು. ಪ್ಲಗಿನ್‌ಗಳ ಕಾಲ ಮುಗಿಯುತ್ತಿದೆ ಅಂತ ಕಂಡಾಗ ಒಂದೊಂದನ್ನೇ ಎಚ್‌ಟಿಎಂಎಲ್5ಗೆ ಹೊಸದಾಗಿ ಬರೆಯುತ್ತಾ ಬಂದರು. ವರ್ಷಗಟ್ಟಲೆ ಹಿಡಿದ ಕೆಲಸ ಅದು. ಅಂಥ ದೊಡ್ಡ ತಂಡಕ್ಕೇ ಇಷ್ಟು ಶ್ರಮ ಅಂದರೆ ಸಣ್ಣವರ ಪಾಡು ಊಹಿಸಿ. ಫೆಟ್‌ನ ಹಲವು ಪ್ರಯೋಗ ಕನ್ನಡದಲ್ಲೂ ಸಿಗುತ್ತವೆ, ಉಚಿತ. ಒಂದೊಂದು ಪ್ರಯೋಗವನ್ನೂ ಫೈಲಾಗಿ ಇಳಿಸಿಕೊಂಡು ನೆಟ್ ಇಲ್ಲದೆ ತೆರೆಯಬಹುದು. ಕರೆಂಟ್ ಪಾಠಕ್ಕೆ ತಂತಿ, ಬಲ್ಬು, ಬ್ಯಾಟರಿ ಜೋಡಿಸಿ ನೋಡುವ ಪ್ರಯೋಗ ಅದರಲ್ಲಿದೆ. ನಿಮ್ಮ ಮಕ್ಕಳಿಗೆ ಇಷ್ಟವಾಗುತ್ತದೆ.

ಇನ್ನು ನಿಮ್ಮ ಡಿವಿಡಿ. ಅದನ್ನು ಕಂಪ್ಯೂಟರ್‌ಗೆ ಪೂರ್ತಿ ಕಾಪಿ ಮಾಡಿ ಫೈಲುಗಳನ್ನು ನೋಡಿ. ಫೈಲಿನ ಹೆಸರಿನ ಕೊನೆಯ ಮೂರು ಅಕ್ಷರ ಕಾಣದಿದ್ದರೆ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಅನ್ನುವುದಕ್ಕೆ ಟಿಕ್ ಹಾಕಿ.

ಇಎಕ್ಸ್‌ಇ ಅಂತ ಮುಗಿಯುವ ಫೈಲ್ ಇದೆಯಾ? ಆಗಿನ ಬಹಳ ಡಿವಿಡಿಗಳಲ್ಲಿ ಪಾಠವನ್ನೂ ಅದನ್ನು ಓಡಿಸುವ ಪ್ಲೇಯರನ್ನೂ ಒಂದೇ ಫೈಲಲ್ಲಿ ಕಟ್ಟಿ ಕೊಡುತ್ತಿದ್ದರು. ಅದಕ್ಕೆ ಬ್ರೌಸರೂ ಬೇಡ, ಪ್ಲಗಿನ್ನೂ ಬೇಡ. ವೈರಸ್ ಸ್ಕ್ಯಾನ್ ಮಾಡಿ, ನೆಟ್ ತೆಗೆದು, ಒತ್ತಿ ನೋಡಿ. ಅದೃಷ್ಟವಿದ್ದರೆ ಐದೇ ನಿಮಿಷದಲ್ಲಿ ನಿಮ್ಮ ಪಾಠ ವಾಪಸ್.

ಎಸ್‌ಡಬ್ಲ್ಯುಎಫ್ ಅಂತ ಮುಗಿಯುವ ಫೈಲುಗಳು ಮಾತ್ರ ಇದ್ದರೆ ರಫಲ್ ಅನ್ನುವ ಉಚಿತ ಪ್ರೋಗ್ರಾಂ ಇಳಿಸಿಕೊಳ್ಳಿ. ಇದು ಫ್ಲ್ಯಾಶ್ ಅಲ್ಲ. ಫ್ಲ್ಯಾಶ್ ಫೈಲನ್ನು ಓದಲು ಹೊಸದಾಗಿ, ಸುರಕ್ಷಿತವಾಗಿ ಬರೆದದ್ದು. ಇಂಟರ್ನೆಟ್ ಆರ್ಕೈವ್ 2020ರ ನವೆಂಬರ್‌ನಿಂದ ಹಳೆಯ ಫ್ಲ್ಯಾಶ್ ಆಟ, ಅನಿಮೇಷನ್‌ಗಳನ್ನು ಇದರ ಸಹಾಯದಿಂದಲೇ ಉಳಿಸಿಕೊಂಡಿದೆ. ತುಂಬಾ ಹಳೆಯ ಪಾಠಗಳು ಇದರಲ್ಲಿ ಚೆನ್ನಾಗಿ ಓಡುತ್ತವೆ. 2006ರ ನಂತರದ, ಜಾಸ್ತಿ ಪ್ರೋಗ್ರಾಮಿಂಗ್ ಇರುವ ಕೆಲವು ಪಾಠ ಅಲ್ಲಲ್ಲಿ ತಡವರಿಸಬಹುದು. ಫೋಲ್ಡರ್‌ನಿಂದ ಒಂದೇ ಫೈಲನ್ನು ಆಚೆ ತೆಗೆಯಬೇಡಿ. ಮುಖ್ಯ ಫೈಲು ಪಕ್ಕದ ಫೈಲುಗಳನ್ನು ಕರೆಯುತ್ತಿರುತ್ತದೆ. ಕನ್ನಡದ ಬದಲು ಗೋಜಲು ಅಕ್ಷರ ಕಂಡರೆ ಗಾಬರಿ ಬೇಡ, ನುಡಿ ಅಥವಾ ಬರಹದ ಹಳೆಯ ಫಾಂಟ್ ಹಾಕಿ ಮತ್ತೆ ತೆರೆದು ನೋಡಿ.

ಎಫ್‌ಎಲ್‌ವಿ ಅಂತ ಇರುವುದು ಬರೇ ವಿಡಿಯೊ. ವಿಎಲ್‌ಸಿ ಪ್ಲೇಯರ್ ಅದನ್ನು ಹಾಗೇ ನುಡಿಸುತ್ತದೆ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಪ್ರೋಗ್ರಾಂನಲ್ಲಿ ಎಂಪಿ4 ಮಾಡಿಕೊಂಡರೆ ಮೊಬೈಲಿಗೂ ಕಳಿಸಬಹುದು.

ಯಾವುದಾದರೂ ಪಾಠ ಅರ್ಧಂಬರ್ಧ ಓಡಿತು ಅಂದುಕೊಳ್ಳಿ. ಅದನ್ನೂ ಬಿಡಬೇಡಿ. ಓಡುತ್ತಿರುವಾಗಲೇ ಒಬಿಎಸ್ ಅನ್ನುವ ಪ್ರೋಗ್ರಾಂನಲ್ಲಿ ಪರದೆಯನ್ನು ರೆಕಾರ್ಡ್ ಮಾಡಿ, ಜೊತೆಗೆ ನಿಮ್ಮ ದನಿಯಲ್ಲಿ ವಿವರಣೆ ಸೇರಿಸಿ. ಒತ್ತಿ ನೋಡುವ ಸುಖ ಹೋಗುತ್ತದೆ, ಆದರೆ ಪಾಠ ಉಳಿಯುತ್ತದೆ. ನಿಮ್ಮೂರಿನ ಉದಾಹರಣೆಯನ್ನೂ ಅದರಲ್ಲೇ ಹೇಳಬಹುದು.

ಇದನ್ನೆಲ್ಲ ಮಾಡಲು ರಜೆ ಬರಲಿ ಅಂತ ಕಾಯಬಹುದು, ಆದರೆ ಕಾಪಿ ಮಾಡುವುದನ್ನು ಮಾತ್ರ ಈ ವಾರವೇ ಮಾಡಿ. ಬರೆದಿಟ್ಟ ಡಿವಿಡಿ ಕಪಾಟಿನಲ್ಲಿ ಸುಮ್ಮನೆ ಕೂತರೂ ಕಾಲಕ್ರಮೇಣ ಕೆಡುತ್ತದೆ, ಗೀರು ಬಿದ್ದರಂತೂ ಕೇಳಲೇಬೇಡಿ. ಒಂದು ಪ್ರತಿ ಶಾಲೆಯ ಕಂಪ್ಯೂಟರ್‌ನಲ್ಲಿ, ಇನ್ನೊಂದು ನಿಮ್ಮ ಪೆನ್ ಡ್ರೈವ್‌ನಲ್ಲಿ ಇರಲಿ. ಯಾವ ಥರದ ಫೈಲುಗಳು ಸಿಕ್ಕವು ಅಂತ ಬರೆದು ತಿಳಿಸಿ. ಎಲ್ಲಿ ಸಿಕ್ಕಿಹಾಕಿಕೊಂಡರೂ ಅಲ್ಲಿಂದ ಮುಂದಕ್ಕೆ ಒಟ್ಟಿಗೆ ನೋಡೋಣ.